ರಿಪೋರ್ಟಿನಲ್ಲಿ ‘ಹರ್-2: 2+’ ಎಂದಿದ್ದರೆ ಅದು ಉತ್ತರವಲ್ಲ, ಅರ್ಧಕ್ಕೆ ನಿಂತ ಲೆಕ್ಕ

ಚಿಕ್ಕಮ್ಮನ ರಿಪೋರ್ಟಿನ ಫೋಟೊ ನನ್ನ ವಾಟ್ಸಾಪಿಗೆ ಬಂದಾಗ ರಾತ್ರಿ ಹತ್ತು ಗಂಟೆ. ಕಳಿಸಿದ್ದು ಅವರ ಮಗಳು. ನಾನು ಡಾಕ್ಟರಲ್ಲ, ಜೀವಶಾಸ್ತ್ರ ಓದಿಕೊಂಡು ವಿಜ್ಞಾನದ ಬಗ್ಗೆ ಬರೆಯುವವಳು. ಆದರೂ ನಮ್ಮ ಬಳಗದಲ್ಲಿ ಯಾರಿಗೆ ಯಾವ ರಿಪೋರ್ಟ್ ಬಂದರೂ ಅದು ಒಂದು ಸುತ್ತು ನನ್ನ ಫೋನಿಗೂ ಬಂದೇ ಹೋಗುತ್ತದೆ.

ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಎಂಬುದು ಗೊತ್ತಾಗಿ ಎರಡು ತಿಂಗಳಾಗಿತ್ತು. ಆಪರೇಷನ್ ಮುಗಿದಿತ್ತು, ಮೊದಲ ಕೀಮೋ ಕೂಡ ಆಗಿತ್ತು. ರಿಪೋರ್ಟ್ ಮಾತ್ರ ಫೈಲಿನೊಳಗೆ ಸುಮ್ಮನೆ ಕೂತಿತ್ತು. ತಂಗಿ ಕೇಳಿದ್ದು ಎರಡೇ ಪ್ರಶ್ನೆ: “ಅಕ್ಕಾ, ಇದ್ರಲ್ಲಿ ಹರ್-2 ಅಂತ ಬರ್ದು 2+ ಅಂತ ಹಾಕಿದಾರಲ್ಲ, ಅಂದ್ರೆ ಪಾಸಿಟಿವ್ವಾ, ನೆಗೆಟಿವ್ವಾ? ಮತ್ತೆ ಇದು ಜೀನಿಂದ ಬರೋದಂತೆ. ಹಂಗಾದ್ರೆ ನಂಗೂ ಬರುತ್ತಾ?”

ಫೋಟೊ ದೊಡ್ಡದು ಮಾಡಿ ನೋಡಿದೆ. ಈಸ್ಟ್ರೊಜೆನ್ ಗ್ರಾಹಕ ನೆಗೆಟಿವ್, ಪ್ರೊಜೆಸ್ಟರಾನ್ ಗ್ರಾಹಕ ನೆಗೆಟಿವ್, ಹರ್-2: 2+. ಕೆಳಗೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು: ಫಿಶ್ ಪರೀಕ್ಷೆ ಮಾಡಿಸುವುದು ಸೂಕ್ತ. ಆ ಸಾಲನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ಓದಿದ್ದರೂ ಮೀನಿಗೂ ಕ್ಯಾನ್ಸರಿಗೂ ಏನು ಸಂಬಂಧ ಅಂತ ಯಾರಿಗೆ ತಾನೇ ತಿಳಿಯಬೇಕು? ಆಸ್ಪತ್ರೆಯವರೂ ಬಿಡಿಸಿ ಹೇಳಿರಲಿಲ್ಲ.

ಈ ಬರಹ ತಂಗಿಯ ಆ ಎರಡು ಪ್ರಶ್ನೆಗಳಿಗೆ ಉತ್ತರ. ಭಾರತದಲ್ಲಿ ಹೆಂಗಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರ್ ಇದು. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು, ಸುಮಾರು 98 ಸಾವಿರ ಸಾವುಗಳು. ಇದೇ ಪ್ರಶ್ನೆಗಳು ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತವೆ.

ಅಕ್ಷರ ತಪ್ಪಿಲ್ಲ, ಪ್ರತಿ ಹೆಚ್ಚಾಗಿದೆ

ಜೀನ್ ಕೆಟ್ಟಿದೆ ಅಂದಾಗ ನಮಗೆ ಸಾಮಾನ್ಯವಾಗಿ ಹೊಳೆಯುವುದು ಅದರ ಬರವಣಿಗೆಯಲ್ಲಿ ತಪ್ಪಾಗಿದೆ ಅಂತ. ಡಿಎನ್‌ಎ ಎಂಬ ಉದ್ದನೆಯ ಬರಹದಲ್ಲಿ ಎಲ್ಲೋ ಒಂದು ಅಕ್ಷರ ಬದಲಾಗಿದೆ, ಅದರಿಂದ ತಪ್ಪು ಪ್ರೋಟೀನ್ ತಯಾರಾಗಿದೆ. ಇದನ್ನು ಮ್ಯುಟೇಶನ್ ಎನ್ನುತ್ತೇವೆ. ಕ್ಯಾನ್ಸರಿನಲ್ಲಿ ಇದು ಇದ್ದೇ ಇದೆ.

ಜೀನ್ ಆಂಪ್ಲಿಫಿಕೇಶನ್ ಬೇರೆ ಸಂಗತಿ. ಇಲ್ಲಿ ಅಕ್ಷರ ಸರಿಯಾಗಿಯೇ ಇರುತ್ತದೆ. ಆದರೆ ಎರಡು ಇರಬೇಕಾದ ಪ್ರತಿಗಳು ಹತ್ತು, ಇಪ್ಪತ್ತು, ಐವತ್ತು ಆಗಿರುತ್ತವೆ. ಜಾತ್ರೆಯಲ್ಲಿ ಮೈಕ್ ಸೆಟ್ಟಿನವರ ಆಂಪ್ಲಿಫೈಯರ್ ನೋಡಿದ್ದೀರಲ್ಲ, ಪದ ಅದೇ. ವ್ಯತ್ಯಾಸ ಇಷ್ಟೇ: ಜೀವಕೋಶದಲ್ಲಿ ಯಾರೂ ವಾಲ್ಯೂಮ್ ತಿರುಗಿಸುವುದಿಲ್ಲ, ಹಾರ್ನುಗಳ ಸಂಖ್ಯೆಯೇ ಹೆಚ್ಚಾಗುತ್ತಾ ಹೋಗುತ್ತದೆ. ಹಾಡು ಅದೇ, ಕಿವಿ ಮಾತ್ರ ಕಿವುಡಾಗುತ್ತದೆ.

ಸ್ತನ ಕ್ಯಾನ್ಸರಿನಲ್ಲಿ ಹೀಗಾಗುವ ಜೀನುಗಳಲ್ಲಿ ಹರ್-2 ಎಲ್ಲಕ್ಕಿಂತ ಹೆಸರಾದದ್ದು. ಅದರ ಜಾಗ 17ನೇ ವರ್ಣತಂತು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿ ಕೋಶದಲ್ಲೂ ಎರಡು ಪ್ರತಿ. ಅದು ತಯಾರಿಸುವ ಪ್ರೋಟೀನು ಕೋಶದ ಹೊರಪೊರೆಯ ಮೇಲೆ ನಿಲ್ಲುವ ಒಂದು ಗ್ರಾಹಕ. ‘ಬೆಳೆ’ ಎಂಬ ಸಂದೇಶವನ್ನು ಹೊರಗಿನಿಂದ ಒಳಕ್ಕೆ ದಾಟಿಸುವ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದಲ್ಲಿ ನಾಲ್ಕು ಗ್ರಾಹಕಗಳಿವೆ. ಎರಡೆರಡು ಜೋಡಿಯಾದಾಗ ಮಾತ್ರ ಸಂದೇಶ ಒಳಗೆ ಹೋಗುತ್ತದೆ.

ಸಾಮಾನ್ಯ ಕೋಶವೊಂದರ ಮೇಲೆ ಸುಮಾರು 20 ಸಾವಿರ ಹರ್-2 ಗ್ರಾಹಕಗಳಿದ್ದರೆ, ಜೀನಿನ ಪ್ರತಿಗಳು ಹೆಚ್ಚಿದ ಕ್ಯಾನ್ಸರ್ ಕೋಶದಲ್ಲಿ ಅದು 20 ಲಕ್ಷದವರೆಗೂ ಹೋಗಬಹುದು. ಅಷ್ಟು ದಟ್ಟಣೆಯಾದಾಗ ಹೊರಗಿನ ಸಂದೇಶಕ್ಕೆ ಕಾಯುವ ಅಗತ್ಯವೇ ಇರುವುದಿಲ್ಲ. ಒತ್ತೊತ್ತಾಗಿ ನಿಂತ ಗ್ರಾಹಕಗಳು ತಾವೇ ಜೋಡಿಯಾಗಿ ‘ಬೆಳೆ, ಒಡೆ, ಸಾಯಬೇಡ’ ಎಂದು ಹಗಲೂ ರಾತ್ರಿ ಕೂಗುತ್ತಿರುತ್ತವೆ.

ಸ್ತನ ಕ್ಯಾನ್ಸರುಗಳಲ್ಲಿ ಶೇ. 15ರಿಂದ 20ರಷ್ಟು ಹೀಗೆ ಹರ್-2 ಪಾಸಿಟಿವ್. ಈ ಬಗೆಯವು ಬೇಗ ಬೆಳೆಯುತ್ತವೆ, ಸರಿಯಾದ ಔಷಧ ಸಿಗದಿದ್ದರೆ ಮರುಕಳಿಸುವ ಸಾಧ್ಯತೆಯೂ ಹೆಚ್ಚು. ಇನ್ನು ಕೆಲವು ಗಡ್ಡೆಗಳಲ್ಲಿ 8ನೇ ವರ್ಣತಂತುವಿನ ಮಿಕ್ ಮತ್ತು ಎಫ್‌ಜಿಎಫ್‌ಆರ್-1, 11ನೇ ವರ್ಣತಂತುವಿನ ಸೈಕ್ಲಿನ್ ಡಿ-1 ಜೀನುಗಳು ಹೀಗೆ ಹೆಚ್ಚಾಗಿರುತ್ತವೆ. ಆದರೆ ಪ್ರತಿಗಳ ಎಣಿಕೆಯೇ ದಿನನಿತ್ಯದ ಚಿಕಿತ್ಸೆಯನ್ನು ತೀರ್ಮಾನಿಸುವುದು ಸದ್ಯಕ್ಕೆ ಹರ್-2 ವಿಷಯದಲ್ಲಿ.

ಪ್ರತಿಗಳು ಹೆಚ್ಚುವುದು ಹೇಗೆ?

ಕೋಶ ಎರಡಾಗುವ ಮೊದಲು ಅದರ ಡಿಎನ್‌ಎ ಪೂರ್ತಿ ಒಂದೇ ಒಂದು ಸಲ ನಕಲಾಗಬೇಕು. ಈ ಕೆಲಸದಲ್ಲಿ ಎಡವಟ್ಟಾಗುತ್ತದೆ. ವರ್ಣತಂತುವಿನ ತುದಿ ಮುರಿದಿದ್ದರೆ, ನಕಲಾದ ಎರಡು ಎಳೆಗಳ ಮುರಿದ ತುದಿಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಕೋಶ ಇಬ್ಭಾಗವಾಗುವಾಗ ಅಂಟಿಕೊಂಡ ಆ ಎಳೆಯನ್ನು ಎರಡೂ ಕಡೆಯಿಂದ ಜಗ್ಗಿದಂತಾಗಿ ಅದು ಮತ್ತೆ ಹರಿಯುತ್ತದೆ. ಹರಿಯುವುದು ಅಂಟಿದ ಜಾಗದಲ್ಲೇ ಆಗಬೇಕೆಂದಿಲ್ಲ. ಹಾಗಾಗಿ ಒಂದು ಮರಿಕೋಶಕ್ಕೆ ಕೆಲವು ಜೀನುಗಳು ಹೆಚ್ಚಾಗಿ, ಇನ್ನೊಂದಕ್ಕೆ ಕಡಿಮೆಯಾಗಿ ಹೋಗುತ್ತವೆ. ಮುಂದಿನ ಸಲ ಮತ್ತೆ ಇದೇ ಕಥೆ. ಮುರಿ, ಅಂಟು, ಹರಿ ಎಂಬ ಈ ಚಕ್ರವನ್ನು ಮೊದಲು ಕಂಡು ವಿವರಿಸಿದವರು ಬಾರ್ಬರಾ ಮೆಕ್ಲಿಂಟಾಕ್. ಕಂಡದ್ದು ಮೆಕ್ಕೆಜೋಳದಲ್ಲಿ, ಡಿಎನ್‌ಎ ರಚನೆ ಗೊತ್ತಾಗುವುದಕ್ಕೂ ಎಷ್ಟೋ ವರ್ಷ ಮುಂಚೆ.

ಇನ್ನೊಂದು ದಾರಿಯೂ ಇದೆ. ಡಿಎನ್‌ಎ ತುಣುಕೊಂದು ವರ್ಣತಂತುವಿನಿಂದ ಕಳಚಿ ಬಳೆಯಂತೆ ಸುತ್ತಿಕೊಂಡು ಪ್ರತ್ಯೇಕವಾಗಿ ಇದ್ದುಬಿಡುತ್ತದೆ. ಇಂಥ ಬಳೆಗಳು ಕೋಶ ಒಡೆಯುವಾಗ ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದು ಮರಿಗೆ ಎರಡು, ಇನ್ನೊಂದಕ್ಕೆ ಹನ್ನೆರಡು ಬರಬಹುದು.

ಎರಡರಲ್ಲೂ ಮುಂದಿನದ್ದು ಒಂದೇ. ಯಾವ ಕೋಶಕ್ಕೆ ಹರ್-2 ಪ್ರತಿಗಳು ಹೆಚ್ಚು ಸಿಕ್ಕವೋ ಅದು ಪಕ್ಕದ ಕೋಶಕ್ಕಿಂತ ಬೇಗ ಬೆಳೆಯುತ್ತದೆ. ಅದರ ಸಂತಾನವೇ ಗಡ್ಡೆಯನ್ನು ತುಂಬಿಕೊಳ್ಳುತ್ತದೆ. ಹೊಲದಲ್ಲಿ ಬೆಳೆಗಿಂತ ಕಳೆ ಮುಂದಾಗುವುದು ಹೀಗೇ ಅಲ್ಲವೇ? ಕ್ಯಾನ್ಸರು ಇನ್ನೂ ಹಾಲಿನ ನಾಳದ ಒಳಗೇ ಇರುವ, ಹೊರಕ್ಕೆ ನುಗ್ಗದ ಹಂತದಲ್ಲೂ ಈ ಬದಲಾವಣೆ ಆಗಲೇ ಕಾಣಸಿಗುತ್ತದೆ. ಅಂದರೆ ಹಲವರಲ್ಲಿ ಇದು ರೋಗದ ಆರಂಭದ ಹೆಜ್ಜೆಗಳಲ್ಲೊಂದು. ಆದರೆ ಇದೊಂದೇ ಹೆಜ್ಜೆ ಅಲ್ಲ. ಇಂಥ ಗಡ್ಡೆಗಳಲ್ಲಿ ಬಹಳ ಸಲ ಕೋಶದ ಕಾವಲುಗಾರನಂತಿರುವ ಪಿ-53 ಜೀನೂ ಕೆಟ್ಟಿರುತ್ತದೆ.

ಇಲಿಯಿಂದ ಮನುಷ್ಯರವರೆಗೆ

ಇದರ ಇತಿಹಾಸದಲ್ಲಿ ಭಾರತೀಯರೊಬ್ಬರ ಹೆಸರಿದೆ. ಅಮೆರಿಕದ ಎಂಐಟಿಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿದ್ದ ಲಕ್ಷ್ಮಿ ಚರಣ್ ಪಾಧಿ ಮತ್ತು ಸಂಗಡಿಗರು ಇಲಿಗಳ ನರದ ಗಡ್ಡೆಯಿಂದ ಕ್ಯಾನ್ಸರಿಗೆ ಕಾರಣವಾಗುವ ಡಿಎನ್‌ಎಯ ಜಾಡು ಹಿಡಿದು, ಅದು ಹುಟ್ಟಿಸುವ ಪ್ರೋಟೀನನ್ನು 1982ರಲ್ಲಿ ಗುರುತಿಸಿದರು. ಆ ಜೀನಿಗೆ ‘ನ್ಯೂ’ ಎಂಬ ಹೆಸರು ಬಂತು. ಪಾಧಿ ಆಮೇಲೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದರು. ಅದೇ ಜೀನಿನ ಮಾನವ ರೂಪವನ್ನು ಜೆನೆಂಟೆಕ್ ಕಂಪನಿಯಲ್ಲಿದ್ದ ಆಕ್ಸೆಲ್ ಉಲ್ರಿಚ್ ತಂಡ 1985ರಲ್ಲಿ ಬಿಡಿಸಿ ತೆಗೆಯಿತು. ಅದೇ ಹರ್-2.

ಸ್ವಾರಸ್ಯ ಏನೆಂದರೆ, ಇಲಿಯ ಗಡ್ಡೆಯಲ್ಲಿ ಆ ಜೀನಿನ ಒಂದು ಅಕ್ಷರ ಬದಲಾಗಿತ್ತು. ಮನುಷ್ಯರ ಸ್ತನದ ಗಡ್ಡೆಯಲ್ಲಿ ಅದೇ ತಪ್ಪನ್ನು ಹುಡುಕುತ್ತಾ ಕೂತಿದ್ದರೆ ಹೆಚ್ಚಿನವರಲ್ಲಿ ಏನೂ ಸಿಗುತ್ತಿರಲಿಲ್ಲ. ಇಲ್ಲಿ ನೋಡಬೇಕಿದ್ದದ್ದು ಅಕ್ಷರವನ್ನಲ್ಲ, ಎಣಿಕೆಯನ್ನು.

ಆ ಎಣಿಕೆಯನ್ನು ಮಾಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ವೈದ್ಯ ಡೆನ್ನಿಸ್ ಸ್ಲೇಮನ್. ಉಲ್ರಿಚ್ ಬಳಿ ಜೀನ್ ಇತ್ತು, ಸ್ಲೇಮನ್ ಬಳಿ ಶೇಖರಿಸಿಟ್ಟ ಗಡ್ಡೆಗಳಿದ್ದವು. 189 ಸ್ತನ ಕ್ಯಾನ್ಸರ್ ಗಡ್ಡೆಗಳನ್ನು ನೋಡಿ 1987ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಶೇ. 30ರಷ್ಟರಲ್ಲಿ ಹರ್-2 ಪ್ರತಿಗಳು ಎರಡು ಪಟ್ಟಿನಿಂದ ಇಪ್ಪತ್ತು ಪಟ್ಟಿಗೂ ಮೇಲೆ ಹೆಚ್ಚಾಗಿದ್ದವು. ಪ್ರತಿ ಹೆಚ್ಚಿದ್ದವರಲ್ಲಿ ರೋಗ ಬೇಗ ಮರುಕಳಿಸಿತ್ತು, ಬದುಕುಳಿದ ಅವಧಿಯೂ ಕಡಿಮೆಯಿತ್ತು.

ಗ್ರಾಹಕ ಕೋಶದ ಹೊರಮೈಯಲ್ಲೇ ಇರುವುದರಿಂದ ಅದಕ್ಕೆ ಹೋಗಿ ಅಂಟುವ ಪ್ರತಿಕಾಯವನ್ನು ತಯಾರಿಸಬಹುದಿತ್ತು. ಹಾಗೆ ಬಂದದ್ದು ಟ್ರಾಸ್ಟುಜುಮಾಬ್, ಮೊದಲ ಬ್ರ್ಯಾಂಡಿನ ಹೆಸರು ಹರ್ಸೆಪ್ಟಿನ್. 1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ರೋಗ ಬೇರೆ ಅಂಗಗಳಿಗೆ ಹರಡಿದ್ದ 469 ಮಹಿಳೆಯರ ಅಧ್ಯಯನದಲ್ಲಿ ಕೀಮೋ ಜೊತೆ ಇದನ್ನೂ ಕೊಟ್ಟಾಗ ಬದುಕಿನ ಸರಾಸರಿ ಅವಧಿ 20.3 ತಿಂಗಳಿಂದ 25.1 ತಿಂಗಳಿಗೆ ಏರಿತು. ನಿಜವಾದ ದೊಡ್ಡ ಸುದ್ದಿ ಬಂದದ್ದು 2005ರಲ್ಲಿ. ರೋಗ ಹರಡುವ ಮೊದಲೇ, ಆಪರೇಷನ್ ಆದವರಿಗೆ ಇದನ್ನು ಕೊಟ್ಟರೆ ಮರುಕಳಿಸುವ ಅಪಾಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿದವು.

ಒಂದು ಕಾಲಕ್ಕೆ ಕೆಟ್ಟ ಸುದ್ದಿಯಾಗಿದ್ದ ‘ಹರ್-2 ಪಾಸಿಟಿವ್’ ಈಗ ಗುರಿಯಿಟ್ಟು ಹೊಡೆಯುವ ಔಷಧ ಇದೆ ಎಂದು ಹೇಳುವ ಸುದ್ದಿ. ಆದರೆ ಒಂದು ಷರತ್ತು, ಎಣಿಕೆ ಸರಿಯಾಗಿರಬೇಕು.

2+ ಅಂದರೆ ಏನು?

ಲ್ಯಾಬಿನಲ್ಲಿ ಮೊದಲು ಮಾಡುವುದು ಐಎಚ್‌ಸಿ ಎಂಬ ಬಣ್ಣದ ಪರೀಕ್ಷೆ. ಗಡ್ಡೆಯ ತೆಳುವಾದ ಸೀಳಿಗೆ ಪ್ರತಿಕಾಯ ಹಾಕಿದಾಗ ಹರ್-2 ಗ್ರಾಹಕ ಇರುವಲ್ಲಿ ಕಂದು ಬಣ್ಣ ಮೂಡುತ್ತದೆ. ಬಣ್ಣ ಎಷ್ಟು ಗಾಢ, ಕೋಶದ ಸುತ್ತ ಪೂರ್ತಿ ಇದೆಯೇ ಎಂದು ನೋಡಿ ಅಂಕ ಕೊಡುತ್ತಾರೆ. 0 ಮತ್ತು 1+ ಇದ್ದರೆ ನೆಗೆಟಿವ್. 3+ ಇದ್ದರೆ ಪಾಸಿಟಿವ್. ನಡುವಿನ 2+ ಪಾಸಿಟಿವ್ವೂ ಅಲ್ಲ, ನೆಗೆಟಿವ್ವೂ ಅಲ್ಲ. ‘ಬಣ್ಣ ನೋಡಿ ಹೇಳೋಕಾಗ್ತಿಲ್ಲ, ಜೀನನ್ನೇ ಎಣಿಸಿ’ ಎಂದು ಅರ್ಥ.

ಎಣಿಸುವ ಪರೀಕ್ಷೆಯೇ ಫಿಶ್. ಹರ್-2 ಜೀನಿಗೆ ಒಂದು ಬಣ್ಣದ, 17ನೇ ವರ್ಣತಂತುವಿನ ನಡುಭಾಗಕ್ಕೆ ಇನ್ನೊಂದು ಬಣ್ಣದ ಹೊಳೆಯುವ ಗುರುತು ಅಂಟಿಸಿ, ಸೂಕ್ಷ್ಮದರ್ಶಕದಲ್ಲಿ ಕೋಶಕೋಶವಾಗಿ ಚುಕ್ಕಿ ಎಣಿಸುತ್ತಾರೆ. ಎರಡರ ಅನುಪಾತ 2 ಅಥವಾ ಅದಕ್ಕಿಂತ ಹೆಚ್ಚಿದ್ದು, ಪ್ರತಿ ಕೋಶಕ್ಕೆ ಸರಾಸರಿ ಹರ್-2 ಪ್ರತಿಗಳು 4 ಅಥವಾ ಹೆಚ್ಚಿದ್ದರೆ ಜೀನ್ ಆಂಪ್ಲಿಫೈ ಆಗಿದೆ ಎಂದು ತೀರ್ಮಾನ. ಗೊಂದಲಕ್ಕೆ ಎಡೆ ಮಾಡುವ ಕೆಲವು ನಡುವಿನ ಫಲಿತಾಂಶಗಳೂ ಇವೆ. ಆಗ ಬಣ್ಣದ ಪರೀಕ್ಷೆಯನ್ನೂ ಜೊತೆಗಿಟ್ಟು ಮತ್ತೆ ನೋಡಬೇಕಾಗುತ್ತದೆ.

ಈ ಎಣಿಕೆ ಕೆಡುವುದು ಲ್ಯಾಬಿನಲ್ಲೇ ಆಗಬೇಕೆಂದಿಲ್ಲ, ಆಪರೇಷನ್ ಥಿಯೇಟರಿನಲ್ಲೂ ಆಗಬಹುದು. ತೆಗೆದ ಗಡ್ಡೆಯನ್ನು ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು ಎನ್ನುವುದು ಅಂತಾರಾಷ್ಟ್ರೀಯ ಮಾರ್ಗಸೂಚಿ. ಶನಿವಾರ ತೆಗೆದ ಗಡ್ಡೆಯನ್ನು ಸೋಮವಾರ ಯಾರಾದರೂ ನೋಡಿಕೊಳ್ಳಲಿ ಎಂದು ಬಿಟ್ಟರೆ ಆಮೇಲೆ ಎಂಥ ಒಳ್ಳೆಯ ಯಂತ್ರವಿದ್ದರೂ ಫಲಿತಾಂಶವನ್ನು ನಂಬುವುದು ಕಷ್ಟ.

ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ಎರಡು ಹಾರ್ಮೋನ್ ಗ್ರಾಹಕಗಳೂ ನೆಗೆಟಿವ್. ಹರ್-2 ಕೂಡ ನೆಗೆಟಿವ್ ಎಂದುಕೊಂಡರೆ ಅದು ‘ಟ್ರಿಪಲ್ ನೆಗೆಟಿವ್’ ಆಗಿ, ಟ್ರಾಸ್ಟುಜುಮಾಬ್ ಮಾತೇ ಬರುತ್ತಿರಲಿಲ್ಲ. ಅವರ ಕೀಮೋ ಆ ಲೆಕ್ಕದಲ್ಲೇ ಶುರುವಾಗಿತ್ತು. ಮರುದಿನ ತಂಗಿ ಆಸ್ಪತ್ರೆಗೆ ಹೋಗಿ ಗಡ್ಡೆಯ ಮೇಣದ ಬ್ಲಾಕ್ ಕೇಳಿದಳು. “ಬ್ಲಾಕ್ ನಮಗೆ ಕೊಡ್ತಾರಾ ಅಂತಾನೇ ಗೊತ್ತಿರ್ಲಿಲ್ಲ ಅಕ್ಕಾ” ಅಂದಳು. ಕೊಡುತ್ತಾರೆ, ಕೇಳಬೇಕು ಅಷ್ಟೇ. ಅದನ್ನು ಬೆಂಗಳೂರಿನ ಲ್ಯಾಬಿಗೆ ತಂದು ಕೊಟ್ಟು, ಫಲಿತಾಂಶಕ್ಕೆ ಕಾದೆವು. ಹರ್-2 ಸರಾಸರಿ ಪ್ರತಿ 12.4, ಅನುಪಾತ 5.2. ಆಂಪ್ಲಿಫೈ ಆಗಿತ್ತು.

ಅದೃಷ್ಟಕ್ಕೆ ತಡವಾಗಿರಲಿಲ್ಲ. ಅವರ ಕೀಮೋ ಎರಡು ಹಂತದ್ದು. ಅಂಥದ್ದರಲ್ಲಿ ಟ್ರಾಸ್ಟುಜುಮಾಬನ್ನು ಸಾಮಾನ್ಯವಾಗಿ ಎರಡನೇ ಹಂತದ ಜೊತೆ ಶುರುಮಾಡುತ್ತಾರೆ. ಫೋಟೊ ಮೂರು ತಿಂಗಳು ಬಿಟ್ಟು ಬಂದಿದ್ದರೆ ನಾನು ಈ ಬರಹವನ್ನು ಇದೇ ಸಮಾಧಾನದಲ್ಲಿ ಬರೆಯುತ್ತಿರಲಿಲ್ಲ.

ಮಗಳಿಗೂ ಬರುತ್ತಾ?

ತಂಗಿಯ ಎರಡನೇ ಪ್ರಶ್ನೆ ಚಿಕ್ಕಮ್ಮನನ್ನು ಹೆಚ್ಚು ಕಾಡಿತ್ತು. “ನನ್ನ ಜೀನೇ ಸರಿ ಇಲ್ವಂತೆ, ಮಗೀಗೂ ದಾಟಿಸಿಬಿಟ್ನೇನೋ” ಅಂತ ಅವರು ಊಟ ಬಿಟ್ಟು ಕೂತಿದ್ದರಂತೆ.

ಹರ್-2 ಆಂಪ್ಲಿಫಿಕೇಶನ್ ತಾಯಿಯಿಂದ ಮಗಳಿಗೆ ಬರುವುದಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಬದುಕಿನ ನಡುವೆ ಸ್ತನದ ಯಾವುದೋ ಕೋಶದಲ್ಲಿ ಆದದ್ದು. ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುತ್ತದೆ, ಅಂಡಾಣುವಿನಲ್ಲಿ ಇರುವುದಿಲ್ಲ. ಚಿಕ್ಕಮ್ಮನ ಗಡ್ಡೆಯಲ್ಲಿ ಹನ್ನೆರಡು ಪ್ರತಿ ಇದ್ದರೂ ಅವರ ಉಳಿದ ಮೈಯಲ್ಲಿ ಎರಡೇ.

ವಂಶದಲ್ಲಿ ಹರಿದುಬರುವ ಬಿಆರ್‌ಸಿಎ-1, ಬಿಆರ್‌ಸಿಎ-2 ಜೀನುಗಳ ದೋಷ ಬೇರೆಯೇ. ಅದು ಗಡ್ಡೆಯಲ್ಲಲ್ಲದೆ ರಕ್ತದಲ್ಲೂ ಸಿಗುತ್ತದೆ, ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದಿದ್ದರೆ, ಮನೆಯಲ್ಲಿ ಹಲವರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ, ಗಂಡಸರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಆ ಪರೀಕ್ಷೆಯ ಬಗ್ಗೆ ಕೇಳಲೇಬೇಕು. ಹರ್-2 ಪಾಸಿಟಿವ್ ಆದವರಿಗೆ ಇದು ಬೇಡವೇ ಬೇಡ ಎಂದೂ ಅಲ್ಲ. ಪಿ-53 ಜೀನಿನ ದೋಷ ವಂಶದಲ್ಲೇ ಇರುವ ಅಪರೂಪದ ಕುಟುಂಬಗಳಲ್ಲಿ ಬಹಳ ಚಿಕ್ಕ ವಯಸ್ಸಿಗೆ ಹರ್-2 ಪಾಸಿಟಿವ್ ಕ್ಯಾನ್ಸರ್ ಬರುವುದುಂಟು. ಚಿಕ್ಕಮ್ಮನಿಗೆ 58 ವರ್ಷ, ಮನೆಯಲ್ಲಿ ಬೇರೆ ಯಾರಿಗೂ ಆಗಿಲ್ಲ.

ತಾಯಿಗೆ ಆದವರ ಮಗಳಿಗೆ ಅಪಾಯ ಸ್ವಲ್ಪ ಹೆಚ್ಚು ಎನ್ನುವುದು ನಿಜ. ಅದಕ್ಕೆ ತಂಗಿ ತಪಾಸಣೆ ಮಾಡಿಸಿಕೊಳ್ಳಬೇಕು. ಆದರೆ ಚಿಕ್ಕಮ್ಮ ತಪ್ಪಿತಸ್ಥೆಯಂತೆ ಕೂರುವ ಅಗತ್ಯ ಇಲ್ಲ.

ಔಷಧ ಅಗ್ಗವಾಯಿತು, ಪರೀಕ್ಷೆ?

ಟ್ರಾಸ್ಟುಜುಮಾಬ್ ಬೆಲೆಯ ಬಗ್ಗೆ ಈ ದೇಶದಲ್ಲಿ ದೊಡ್ಡ ಹೋರಾಟವೇ ನಡೆದಿದೆ. 2013ರಲ್ಲಿ ರೋಶ್ ಕಂಪನಿ ಭಾರತದಲ್ಲಿ ತನ್ನ ಪೇಟೆಂಟ್ ಕೈಬಿಟ್ಟಿತು. ಬೆಂಗಳೂರಿನ ಬಯೋಕಾನ್ ಮೈಲಾನ್ ಜೊತೆಗೂಡಿ ತಯಾರಿಸಿದ ಬಯೋಸಿಮಿಲರ್ 2014ರಲ್ಲಿ ಇಲ್ಲಿನ ಮಾರುಕಟ್ಟೆಗೆ ಬಂತು. 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಟ್ರಾಸ್ಟುಜುಮಾಬ್ ಬಯೋಸಿಮಿಲರ್ ಕೂಡ ಅದೇ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ, ಭಾರತದ ಪಟ್ಟಿಗೂ ಈ ಔಷಧ ಸೇರಿತು.

ಆದರೂ ಮೂರು ವಾರಕ್ಕೊಮ್ಮೆಯಂತೆ ಒಂದು ವರ್ಷ ಕೊಡಬೇಕಾದ ಔಷಧ ಇದು. ಹೃದಯದ ಬಲ ಕುಗ್ಗಬಹುದಾದ್ದರಿಂದ ಆಗಾಗ ಎಕೋ ಮಾಡಿಸುತ್ತಿರಬೇಕು. ಒಂದು ವರ್ಷ ಬೇಕೇ, ಆರು ತಿಂಗಳು ಸಾಕೇ ಎಂಬ ಚರ್ಚೆಯೂ ಇದೆ. ಬ್ರಿಟನ್ನಿನಲ್ಲಿ 4,089 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕು ವರ್ಷ ರೋಗವಿಲ್ಲದೆ ಇದ್ದವರು ಆರು ತಿಂಗಳ ಗುಂಪಿನಲ್ಲಿ ಶೇ. 89.4, ಒಂದು ವರ್ಷದ ಗುಂಪಿನಲ್ಲಿ ಶೇ. 89.8. ಫ್ರಾನ್ಸಿನ ಅಧ್ಯಯನವೊಂದು ಮಾತ್ರ ಆರು ತಿಂಗಳು ಸಾಲುತ್ತದೆ ಎಂದು ಸಾಬೀತು ಮಾಡಲಾಗಲಿಲ್ಲ. ಹಾಗಾಗಿ ಒಂದು ವರ್ಷವೇ ಈಗಲೂ ರೂಢಿ. ದುಡ್ಡಿಲ್ಲ ಎಂದು ಪೂರ್ತಿ ಕೈಬಿಡುವ ಮುಂಚೆ ಕಡಿಮೆ ಅವಧಿಯ ಬಗ್ಗೆ ವೈದ್ಯರ ಹತ್ತಿರ ಮಾತಾಡಬಹುದು.

2022ರಿಂದ ಇನ್ನೊಂದು ಬದಲಾವಣೆಯೂ ಆಗಿದೆ. 1+ ಇದ್ದವರನ್ನೂ, 2+ ಇದ್ದು ಫಿಶ್ ನೆಗೆಟಿವ್ ಬಂದವರನ್ನೂ ಈಗ ‘ಹರ್-2 ಲೋ’ ಎಂದು ಗುರುತಿಸುತ್ತಾರೆ. ರೋಗ ಹರಡಿದ ಹಂತದಲ್ಲಿ ಇಂಥವರಿಗೂ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬ ಹೊಸ ಔಷಧ ಪ್ರಯೋಜನಕ್ಕೆ ಬರುತ್ತದೆ. ಬೆಲೆ ಮಾತ್ರ ಬಹುತೇಕ ಕುಟುಂಬಗಳ ಕೈಗೆಟುಕದ್ದು. ಸೊನ್ನೆಗೂ ಒಂದಕ್ಕೂ ಇರುವ ವ್ಯತ್ಯಾಸವೂ ಈಗ ಮುಖ್ಯ.

ನನ್ನ ತಕರಾರು ಇಷ್ಟೇ. ಔಷಧದ ಬೆಲೆ ಬಗ್ಗೆ ಮಾತಾಡಿದಷ್ಟು ನಾವು ಪರೀಕ್ಷೆಯ ಬಗ್ಗೆ ಮಾತಾಡಿಲ್ಲ. ಔಷಧ ಅಗತ್ಯ ಪಟ್ಟಿಯಲ್ಲಿದ್ದು, ಅದು ಯಾರಿಗೆ ಬೇಕು ಎಂದು ಹೇಳುವ ಎಣಿಕೆ ರೋಗಿಯ ಮನೆಯವರ ಹಣೆಬರಹಕ್ಕೆ ಬಿಟ್ಟಿದ್ದರೆ ಆ ಪಟ್ಟಿಗೆ ಅರ್ಥವಿಲ್ಲ. 2+ ಎಂದು ರಿಪೋರ್ಟ್ ಬರೆಯುವ ಲ್ಯಾಬ್‌ನಿಂದಲೇ ಬ್ಲಾಕ್ ಎಣಿಸುವ ಲ್ಯಾಬಿಗೆ ಹೋಗುವ ವ್ಯವಸ್ಥೆಯಾಗಬೇಕು. ಅದರ ಖರ್ಚನ್ನು ಚಿಕಿತ್ಸೆಯ ಭಾಗವೆಂದೇ ಸರ್ಕಾರ ನೋಡಬೇಕು. ಬಸ್ಸಿನಲ್ಲಿ ಬ್ಲಾಕ್ ಹಿಡಿದುಕೊಂಡು ಬೆಂಗಳೂರಿಗೆ ಬರುವ ಕೆಲಸ ಮಗಳದ್ದಲ್ಲ.

ಅಲ್ಲಿಯವರೆಗೆ ನಾವೇ ಕೇಳಬೇಕು. ನಿಮ್ಮ ಮನೆಯಲ್ಲಿ ಯಾರದ್ದಾದರೂ ರಿಪೋರ್ಟ್ ಇದ್ದರೆ ಇವತ್ತೇ ತೆಗೆದು ನೋಡಿ. ಹರ್-2 ಎದುರು ಏನು ಬರೆದಿದೆ? 2+ ಇದ್ದರೆ ಫಿಶ್ ಆಗಿದೆಯೇ? ಆಗಿದ್ದರೆ ಅನುಪಾತ ಎಷ್ಟು, ಸರಾಸರಿ ಪ್ರತಿ ಎಷ್ಟು? ರೋಗ ಮರುಕಳಿಸಿದ್ದರೆ ಹೊಸ ಗಡ್ಡೆಯಲ್ಲೂ ಪರೀಕ್ಷೆ ಮಾಡಿದ್ದಾರೆಯೇ? ಇಷ್ಟು ಕೇಳಿದರೆ ಯಾವ ವೈದ್ಯರೂ ತಪ್ಪು ತಿಳಿಯುವುದಿಲ್ಲ. ತಿಳಿದರೂ ಪರವಾಗಿಲ್ಲ.

ಚಿಕ್ಕಮ್ಮನ ಕೊನೆಯ ಡೋಸ್ ಮುಗಿದು ಏಳು ತಿಂಗಳಾಯಿತು. ಎಕೋ ಚೆನ್ನಾಗಿದೆ, ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾರೆ. ಮೊನ್ನೆ ಫೋನಿನಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬರ ವಿಷಯ ಹೇಳುತ್ತಾ, “ಅವ್ರಿಗೂ 2+ ಅಂತಲೇ ಬಂದೈತಂತೆ. ಎಣ್ಸಿದ್ರಾ ಅಂತ ಕೇಳ್ದೆ, ಇಲ್ಲ ಅಂದ್ರು. ನಿನ್ನ ನಂಬರ್ ಕೊಟ್ಟಿದೀನಿ” ಅಂದರು.